ಕಂಬಳಿಗೆ ಒದಗಿದ ಅರಮನೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬ ಹೆಸರುಗಳು ಕಿವಿಗೆ ಬೀಳದ ಊರು ವಿರಳ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಣ ಭಕ್ತಿಯಿಂದ ಆ ಸೀಮೆಯ ಜನ ಮಕ್ಕಳಿಗೆ ಈ ಹೆಸರನ್ನಿಡುತ್ತಾರೆ. ನೆರೆಯ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಜನಿಸಿ, ಅದೇ ಹೆಸರನ್ನು ಹೊತ್ತು, ಮೈಸೂರಿನಲ್ಲಿ ನಾಡಿನ ಹಳ್ಳಿಗರ ವಸ್ತುಗಳಿಗೆ ನೆಲೆಯೊಂದನ್ನು ಕಟ್ಟಿಕೊಟ್ಟವರು ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ.

ಅವರ ಸೀಮೆ ಮಳೆ ಕಡಮೆಯ ಬಯಲು. ಬೆಳೆಗಿಂತ ಕುರಿ-ದನಗಳನ್ನೇ ನಂಬಿ ಬಾಳಿದವರು ಅಲ್ಲಿ ಬಹಳ. ಚಳ್ಳಕೆರೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ಎರಡೂ ಮಗ್ಗದ ಕೂಸುಗಳೇ. ಆದರೆ ಸೀರೆಯನ್ನು ಮದುವೆಯ ನೆನಪಿಗೆಂದು ಪೆಟ್ಟಿಗೆಯಲ್ಲಿ ಮಡಿಸಿಡುವರು. ಕಂಬಳಿಗೆ ಆ ಭಾಗ್ಯವಿಲ್ಲ. ಕುರಿಯ ಉಣ್ಣೆ ಕತ್ತರಿಸಿ, ನೂತು, ಹುಣಸೆಬೀಜದ ಸರಿ ಬಳಿದು ನೇಯ್ದ ಕಂಬಳಿಯು ಕುರಿಗಾಹಿಗೆ ಮಳೆಯಲ್ಲಿ ಕೊಪ್ಪೆ, ಇರುಳಿನಲ್ಲಿ ಹಾಸಿಗೆ, ದೇವರ ಕಾರ್ಯದಲ್ಲಿ ಗದ್ದುಗೆ. ಹರಿಯುವ ತನಕ ಹೊದೆಯುವರು. ಹರಿದ ಮೇಲೆ ಅದು ಇದ್ದುದಕ್ಕೆ ಗುರುತೇ ಉಳಿಯದು. ಪಾಳೆಯಗಾರನ ಕತ್ತಿ ನೂರಾರು ವರ್ಷ ಬಾಳೀತು. ದುಡಿಯುವವನ ವಸ್ತುವಾದರೋ ದುಡಿದೇ ಸವೆಯುತ್ತದೆ. ಸವೆಯದ ಹಿತ್ತಾಳೆಯ ದೀಪ, ಕಂಚಿನ ಗಂಗಾಳಗಳು ತೂಕಕ್ಕೆ ಮಾರಾಟವಾಗಿ ಕುಲುಮೆಯಲ್ಲಿ ಕರಗುತ್ತವೆ. ಹೀಗೆ ಕರಗಿದುದೆಷ್ಟೆಂದು ಲೆಕ್ಕವಿಟ್ಟವರಿಲ್ಲ.

ಇಂಥ ವಸ್ತುಗಳಿಗಾಗಿಯೇ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಹುಟ್ಟಿತು. ದೇ. ಜವರೇಗೌಡರ ಉತ್ಸಾಹ, ಜೀ. ಶಂ. ಪರಮಶಿವಯ್ಯನವರ ಜಾನಪದ ಪಾಂಡಿತ್ಯಗಳೊಡನೆ ತಿಪ್ಪೇಸ್ವಾಮಿಯವರ ಕಲಾವಿದನ ಕಣ್ಣು ಸೇರಿತು. ಪಂಡಿತರು ಹಾಡು-ಕಥೆಗಳನ್ನು ಅರಸಿದಂತೆ ಇವರು ಉತ್ಪತ್ತಿಯ ಸಾಧನಗಳನ್ನು, ಅಳತೆಯ ಪಾತ್ರೆಗಳನ್ನು, ಮುಖವಾಡಗಳನ್ನು, ಭೂತದ ಮರದ ಮೂರ್ತಿಗಳನ್ನು, ಯಕ್ಷಗಾನದ ಕಿರೀಟಗಳನ್ನು ಅರಸಿದರು. ಆ ಭಂಡಾರ 6,500ಕ್ಕೂ ಮಿಕ್ಕು ಬೆಳೆಯಿತು. ಅದಕ್ಕೆ ಒದಗಿದ ಮನೆ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮೀ ವಿಲಾಸ. ಅರಮನೆಯ ಹೊರಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರ ಸಾಮಾನುಗಳು ಒಳಾಂಗಣವನ್ನೇ ಏರಿ ಕುಳಿತದ್ದು ಕಾಲದ ಚೆಲುವಾದ ಹಾಸ್ಯ!

ಇಂಥ ಕೆಲಸಕ್ಕೆ ಕಲಾವಿದನೇ ಏಕೆ ಬೇಕು? ತೊಗಲುಗೊಂಬೆಯನ್ನು ನೋಡಿದರೆ ತಿಳಿಯುತ್ತದೆ. ಚಿತ್ರದುರ್ಗದ ಸೀಮೆಯಲ್ಲಿಯೂ ಆಡಿಸುತ್ತಿದ್ದ ಈ ಗೊಂಬೆಯನ್ನು ಹದಮಾಡಿದ ತೊಗಲಿನಲ್ಲಿ ಕತ್ತರಿಸಿ, ರಂಧ್ರ ಕೊರೆದು, ಬಣ್ಣ ಕಟ್ಟುವರು. ಪರದೆಯ ಹಿಂದೆ ದೀಪ ಹೊತ್ತಿದಾಗ ಕೆಂಪು ಕೆಂಡವಾಗುತ್ತದೆ, ರಂಧ್ರಗಳು ಒಡವೆಯಾಗಿ ಮಿನುಗುತ್ತವೆ. ಅದೇ ಗೊಂಬೆಯನ್ನು ಗೋಡೆಗೆ ತಗುಲಿಹಾಕಿದರೆ ಮಂಕು ಬಡಿದ ತೊಗಲಿನ ಚೂರು. ಬೆಳಕು ಎತ್ತಣಿಂದ ಬೀಳಬೇಕೆಂಬುದನ್ನು ಬಲ್ಲವನಿಗೆ ಮಾತ್ರ ಅದರ ಜೀವ ತಿಳಿದೀತು. ಜಲವರ್ಣದಲ್ಲಿ ನಿಸರ್ಗಚಿತ್ರ ಬರೆದ ಕೈಗೆ ಬೆಳಕಿನ ಗುಟ್ಟು ಹೊಸದಲ್ಲ. ಇನ್ನು ಗೆದ್ದಲು, ನುಸಿ, ಗೋಡೆಯ ತೇವಗಳೊಡನೆ ನಡೆಯುವ ನಿತ್ಯದ ಹೋರಾಟ. ಅದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಸಂಗ್ರಹಾಲಯವನ್ನು ಕಾದವರು ಸೇವೆಯಿಂದ ನಿವೃತ್ತರಾಗುವ ದಿನ ಬೀಗದ ಕೈಗಳನ್ನೂ ದಾಖಲೆ ಪುಸ್ತಕವನ್ನೂ ಮುಂದಿನವರಿಗೆ ಒಪ್ಪಿಸುತ್ತಾರೆ. ಪುಸ್ತಕದಲ್ಲಿ ವಸ್ತುವಿನ ಹೆಸರಿದೆ, ಊರಿದೆ, ಅಂಕೆಯಿದೆ. ಕೊಟ್ಟವರು ಅದನ್ನು ಯಾವ ಹಬ್ಬದಲ್ಲಿ ಹೊರತೆಗೆಯುತ್ತಿದ್ದರು, ಕೊಡುವಾಗ ಏಕೆ ಹಿಂಜರಿದರು, ಕೊಟ್ಟ ಮೇಲೆ ಏನೆಂದರು ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಬೀಗದ ಕೈ ಕೊಟ್ಟುಬರಬಹುದು. ಆ ನೆನಪನ್ನು ಕೊಟ್ಟುಬರುವುದು ಹೇಗೆ?

ಚಳ್ಳಕೆರೆ ತಾಲ್ಲೂಕಿನ ಗೊಲ್ಲರ ಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬಾರದು. ಹಾಡುಗಳು ಸಾವಿರಾರು ಬರುತ್ತಿದ್ದವು. ಆಕೆ 2009ರಲ್ಲಿ ತೀರಿಕೊಳ್ಳುವ ಮುನ್ನವೇ ಕೃಷ್ಣಮೂರ್ತಿ ಹನೂರರಂಥವರು ಕುಳಿತು ಕೇಳಿ ಬರೆದುಕೊಂಡರು. ತಿಪ್ಪೇಸ್ವಾಮಿಯವರು 2000ದಲ್ಲಿ ಕಾಲವಾದರು. ಅವರು ಎತ್ತಿಡಿಸಿದ ಗೊಂಬೆ, ದೀಪ, ಮುಖವಾಡಗಳು ಕೇಳುವವರಿಗಾಗಿ ಕಾದಿವೆ.