ಕರಿಹಲಗೆಯ ಮೇಲಿನ ರಾಜ್ಯಗಳು

ಐವತ್ತರ ದಶಕದ ನಡುವಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ರಾಜ್ಯಶಾಸ್ತ್ರವನ್ನು ವ್ಯಾಸಂಗಮಾಡುತ್ತಿದ್ದ ನಮಗೆ ತುಲನೆಯೆಂದರೆ ಸಂವಿಧಾನಗಳ ತುಲನೆಯೇ ಹೊರತು ಮತ್ತೊಂದಲ್ಲ. ನಮ್ಮ ಪ್ರಾಧ್ಯಾಪಕರು ಪಾಠಕ್ಕೆ ಮೊದಲು ಕರಿಹಲಗೆಯ ಮೇಲೆ ಗೆರೆಯೆಳೆದು, ಇಂಗ್ಲೆಂಡು, ಅಮೆರಿಕ, ಸ್ವಿಟ್ಜರ್ಲೆಂಡು, ಫ್ರಾನ್ಸು ಎಂದು ನಾಲ್ಕು ಅಂಕಣಗಳಿಗೆ ತಲೆಬರಹವಿತ್ತು, ಮೇಲ್ಮನೆ, ಕಾರ್ಯಾಂಗ, ನ್ಯಾಯಾಂಗ, ತಿದ್ದುಪಡಿ ಎಂದು ಬದಿಯಲ್ಲಿ ಬರೆಯುತ್ತಾ ಇಳಿಯುವರು. ಫ್ರಾನ್ಸಿನ ಪ್ರಧಾನಿಯ ಹೆಸರಿನ ಸ್ಥಳವನ್ನು ಮಾತ್ರ ಬರಿದಾಗಿ ಬಿಟ್ಟು, “ಬೆಳಗಿನ ಪತ್ರಿಕೆ ನೋಡಿ ನೀವೇ ತುಂಬಿಕೊಳ್ಳಿ” ಎನ್ನುವರು. 1946ರಿಂದ 1958ರವರೆಗೆ ಬಾಳಿದ ನಾಲ್ಕನೆಯ ಗಣರಾಜ್ಯದಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ಮಂತ್ರಿಮಂಡಲಗಳು ಬಂದುಹೋದುವು. ಆ ಮಾತು ಬರಿಯ ವಿನೋದವಲ್ಲ.

ಫೈನರ್, ಸ್ಟ್ರಾಂಗ್, ವೇರ್ ಇವರ ಗ್ರಂಥಗಳೇ ನಮಗೆ ಪ್ರಮಾಣ. ಸ್ವಿಟ್ಜರ್ಲೆಂಡಿನ ಏಳು ಮಂದಿ ಸದಸ್ಯರ ಕಾರ್ಯಾಂಗವನ್ನು ಎರಡು ಸದನಗಳೂ ಕೂಡಿ ಕುಳಿತು ಆರಿಸುವ ಕ್ರಮವನ್ನು ನಾವು ನಿದ್ದೆಗಣ್ಣಿನಲ್ಲಿಯೂ ಒಪ್ಪಿಸಬಲ್ಲವರಾಗಿದ್ದೆವು. ಆದರೆ ಆ ದೇಶದ ಸ್ತ್ರೀಯರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತವಿಲ್ಲವೆಂಬುದರ ಕಡೆಗೆ ನಮ್ಮ ಗಮನ ಹರಿದುದೇ ಇಲ್ಲ. ಅದು ಅವರಿಗೆ ದೊರೆತದ್ದು 1971ರಲ್ಲಿ. ಕಲಮುಗಳನ್ನು ಓದುವ ಆ ಶಿಸ್ತನ್ನು ನಾನು ಇಂದಿಗೂ ಗೌರವಿಸುತ್ತೇನೆ. ಕಲಮುಗಳ ಕೆಳಗೆ ಬಾಳುವ ಜನ ಮಾತ್ರ ಆ ಹಲಗೆಯ ಮೇಲೆ ಕಾಣುತ್ತಿರಲಿಲ್ಲ.

1960ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾದ ಮಾನಸಗಂಗೋತ್ರಿ ಆರಂಭವಾಯಿತು. ಆಲ್ಮಂಡ್ ಮತ್ತು ಕೋಲ್ಮನ್ನರು ಸಂಪಾದಿಸಿದ, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ರಾಜಕಾರಣವನ್ನು ಕುರಿತ ಗ್ರಂಥವು ಹೊರಬಂದುದೂ ಅದೇ ವರ್ಷ. ‘ವ್ಯವಸ್ಥೆ’, ‘ಇನ್‌ಪುಟ್’, ‘ಔಟ್‌ಪುಟ್’ ಎಂಬ ಪರಿಭಾಷೆಯನ್ನು ಕಂಡು ಮೊದಮೊದಲು ಮುಖ ಸಿಂಡರಿಸಿದ ನಮ್ಮ ಪ್ರಾಧ್ಯಾಪಕರು, ಆಲ್ಮಂಡ್ ಮತ್ತು ವರ್ಬಾ ಐದು ದೇಶಗಳ ಸಾಮಾನ್ಯ ಪ್ರಜೆಗಳನ್ನು ಪ್ರಶ್ನಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ ಮೇಲೆ, ಹೊಸದಾಗಿ ಅಧ್ಯಾಪಕನಾಗಿದ್ದ ನನ್ನನ್ನೂ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಮಂಡ್ಯದ ಕಡೆಯ ಹಳ್ಳಿಯೊಂದಕ್ಕೆ ಹೊರಟೇಬಿಟ್ಟರು. ಅನ್ಯಾಯವಾದ ಕಾನೂನೊಂದು ಬರುವುದಾದರೆ ನೀವೇನು ಮಾಡುವಿರಿ ಎಂಬ ಆ ಗ್ರಂಥದ ಪ್ರಶ್ನೆಯನ್ನೇ ಜಗಲಿಯ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರ ಮುಂದಿಟ್ಟಾಗ, ಅವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸದೆಯೇ, “ಕಾನೂನು ಹಂಗಿರ್ಲಿ ಸ್ವಾಮಿ, ನಮ್ಮ ಪಂಚಾಯ್ತಿ ಛೇರ್ಮನ್ರ ಎದುರಿಗೆ ಬಾಯಿ ಬಿಡೋದು ಹೆಂಗೆ, ಅದ್ನ ಮೊದ್ಲು ಕೇಳಿ” ಎಂದರು. ಪ್ರಾಧ್ಯಾಪಕರು ಪ್ರಶ್ನಾವಳಿಯನ್ನು ಮಡಿಸಿ ಜೇಬಿಗಿಟ್ಟು, ಅವರ ಪಕ್ಕದಲ್ಲಿಯೇ ಕುಳಿತುಬಿಟ್ಟರು. ಪ್ರಬಲ ಜಾತಿ, ವೋಟ್ ಬ್ಯಾಂಕು ಮುಂತಾಗಿ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯಿಂದಲೇ ಹೆಕ್ಕಿಕೊಟ್ಟ ಪರಿಕಲ್ಪನೆಗಳು ನಮ್ಮ ತರಗತಿಯನ್ನು ಹೊಕ್ಕುದು ಆಮೇಲೆಯೇ.

ಮುಂದಿನ ಬದಲಾವಣೆಗಳು ಬಹಳ, ಎಲ್ಲವೂ ಹೇಳತಕ್ಕವಲ್ಲ. ಸೋವಿಯತ್ ಒಕ್ಕೂಟವು 1991ರ ಡಿಸೆಂಬರಿನಲ್ಲಿ ವಿಸರ್ಜನೆಗೊಂಡಾಗ ನನ್ನ ಅರ್ಧ ಪಠ್ಯಟಿಪ್ಪಣಿಗಳು ರದ್ದಿಗೆ ಹೋದುವೆಂಬುದಷ್ಟೇ ಸಾಕು. ನನಗೆ ಹೆಚ್ಚೆನಿಸುವುದು ತುಲನೆಯು ಕಡಲಾಚೆಯಿಂದ ನೆರೆರಾಜ್ಯಗಳಿಗೆ ಇಳಿದು ಬಂದುದು. ಪಶ್ಚಿಮ ಬಂಗಾಳದಲ್ಲಿ 1978ರಲ್ಲಿ ಪಂಚಾಯತಿ ಚುನಾವಣೆ ನಡೆದು, ಕರ್ನಾಟಕದಲ್ಲಿ 1983ರ ಶಾಸನವು ಸ್ತ್ರೀಯರಿಗೆ ಶೇ. 25 ಸ್ಥಾನಗಳನ್ನು ಮೀಸಲಿಟ್ಟು 1987ರಲ್ಲಿ ಮಂಡಲ ಪಂಚಾಯತಿಗಳು ಏರ್ಪಟ್ಟಾಗ, ನಿವೃತ್ತರಾಗಿದ್ದ ನಮ್ಮ ಗುರುಗಳು ಎರಡನ್ನೂ ಒಟ್ಟಿಗಿರಿಸಿ ನೋಡಬೇಕೆಂದು ಹಟ ಹಿಡಿದರು. ಅಲ್ಲಿಯ ಪಂಚಾಯತಿಗಳ ನಡವಳಿ ಪುಸ್ತಕಗಳು ಬಂಗಾಳಿಯಲ್ಲಿರುವುವೆಂದು ನಾನು ಹಿಂಜರಿದುದಕ್ಕೆ, ಫ್ರೆಂಚರ ಸಂವಿಧಾನವನ್ನು ಇಂಗ್ಲಿಷಿನಲ್ಲಿ ಓದಿ ಮೂವತ್ತು ವರ್ಷ ಪಾಠ ಹೇಳಿದ್ದು ಸಾಕೆಂದು ಹೇಳಿ, ಅಂಗಡಿಯಿಂದ ಬಂಗಾಳಿ ಬಾಲಬೋಧೆಯನ್ನು ತರಿಸಿದರು. ಎರಡು ಪ್ರತಿ, ಒಂದು ನನಗೆ.