ಅಣ್ಣನ ವಾಚು, ಒಂದು ಸಣ್ಣ ಪಿನ್ನು

ಮಕ್ಕಳೇ, ನಿಮ್ಮ ಮನೆಯಲ್ಲಿ ಯಾರ ಕೈಯಲ್ಲಾದರೂ ಸ್ಟೀಲ್ ಚೈನಿನ ಹಳೆಯ ವಾಚು ಇದ್ದರೆ ಒಮ್ಮೆ ಕೇಳಿ ಇಸಿದುಕೊಂಡು ನೋಡಿ. ಚೈನು ಲಾಕಿಗೆ ಸೇರುವ ಕಡೆ, ಲಾಕಿನ ಎರಡೂ ಬದಿಯಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ. ಅವುಗಳಲ್ಲಿ ಒಂದು ಜೋಡಿಯೊಳಗೆ ಸಾಸಿವೆಗಿಂತ ಚಿಕ್ಕದಾಗಿ ಏನೋ ಮಿನುಗುತ್ತದೆ. ಅದು ಸ್ಪ್ರಿಂಗ್ ಪಿನ್ನಿನ ತುದಿ.

ಈ ಪಿನ್ನು ನೋಡಲು ಬೆಂಕಿಕಡ್ಡಿಯ ತುಂಡಿನಂತಿರುತ್ತದೆ, ದಪ್ಪ ಮಾತ್ರ ಅದಕ್ಕಿಂತ ಕಡಿಮೆ. ಹೊರಗೆ ಒಂದು ಟೊಳ್ಳು ಕೊಳವೆ, ಒಳಗೆ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗ್, ಎರಡು ತುದಿಗೆ ಎರಡು ಮೊಳೆ. ತುದಿಯನ್ನು ಒತ್ತಿದರೆ ಮೊಳೆ ಒಳಗೆ ಸರಿಯುತ್ತದೆ, ಬಿಟ್ಟರೆ ಹೊರಗೆ ಬಂದು ತೂತಿನಲ್ಲಿ ಕೂರುತ್ತದೆ. ಇಡೀ ವಾಚು ಕೈಯಲ್ಲಿ ನಿಲ್ಲುವುದು ಇಷ್ಟರ ಮೇಲೆ. ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವೋಚರುಗಳ ದೊಡ್ಡ ಕಟ್ಟನ್ನು ಒಂದು ಟ್ವೈನು ದಾರ ಹಿಡಿದಿಡುವುದನ್ನು ದಿನವೂ ಕಂಡವನಿಗೆ ಸಣ್ಣ ವಸ್ತುಗಳ ಮೇಲೆ ಸಹಜವಾಗಿಯೇ ಗೌರವ.

ಈ ಪಿನ್ನು ಮುರಿದದ್ದು ನನ್ನ ಅಣ್ಣನ ವಾಚಿನಲ್ಲಿ. ಅಪ್ಪ ತೀರಿಕೊಂಡಾಗ ಅಣ್ಣ ಶಾಲೆ ಬಿಟ್ಟು ಸೊರಬದ ಗದ್ದೆಗೆ ಇಳಿದ, ನನ್ನನ್ನು ಬಿ.ಕಾಂ. ಓದಿಸಿದ. 1976ರಲ್ಲಿ, ಬ್ಯಾಂಕಿನ ಸಂಬಳ ಕೂಡಿಟ್ಟು ನಾನು ಅವನಿಗೆ ತಂದುಕೊಟ್ಟದ್ದು ಎಚ್‌ಎಂಟಿ ವಾಚು, ದಿನಾ ಕೀ ಕೊಡುವಂಥದ್ದು. ಆ ಕಾಲದಲ್ಲಿ ವಾಚು ಎಂದರೆ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಟ್ಟ ಮಾವನಿಗೆ ಊರಿನಲ್ಲಿ ಒಂದು ತೂಕ ಇರುತ್ತಿತ್ತು. 2016ರ ಜನವರಿಯಲ್ಲಿ ಆ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು.

ಅಣ್ಣ ಹೋಗಿ ನಾಲ್ಕು ವರ್ಷವಾಯಿತು. ಅವನು ಹೋದ ಮರುದಿನದಿಂದ ಆ ವಾಚಿಗೆ ಬೆಳಿಗ್ಗೆ ಕೀ ಕೊಡುತ್ತಿದ್ದವರು ಅತ್ತಿಗೆ. ಈಗ ಎಂಬತ್ತು ದಾಟಿದ್ದಾರೆ, ಜೀವಮಾನದಲ್ಲಿ ಕೈಗೆ ವಾಚು ಕಟ್ಟಿದವರಲ್ಲ. ಕೀ ಕೊಟ್ಟು, ಸೆರಗಿನಿಂದ ಒರೆಸಿ, ದೇವರ ಗೂಡಿನ ಪಕ್ಕದ ಮೊಳೆಗೆ ತೂಗು ಹಾಕುತ್ತಿದ್ದರು. ಕಳೆದ ಮಳೆಗಾಲದಲ್ಲಿ ಒಂದು ದಿನ ವಾಚು ಕೈಯಿಂದ ಜಾರಿತು, ಲಾಕು ಒಂದು ಕಡೆ, ಚೈನು ಒಂದು ಕಡೆ. ಯಂತ್ರಕ್ಕೆ ಏನೂ ಆಗಿರಲಿಲ್ಲ, ಟಿಕ್ ಟಿಕ್ ನಡೆಯುತ್ತಲೇ ಇತ್ತು. ಆಮೇಲೆ ಎಂದೋ ಹಾಕಿಸಿದ್ದ ಚೈನು ಅದು. ಬೆವರು, ಧೂಳು ಸೇರಿ ಒಳಗಿನ ಪಿನ್ನು ತುಕ್ಕು ಹಿಡಿದು ಒಂದು ತುದಿ ಕಳಚಿಕೊಂಡಿತ್ತು.

ಅತ್ತಿಗೆ ಅದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟರು. "ಸರಿ ಮಾಡಿಸಿಕೊಂಡು ಬಾ ಮಾರಾಯ. ಇನ್ನು ಮೇಲೆ ನಾನೇ ಕಟ್ಟಿಕೊಳ್ಳುತ್ತೇನೆ. ಮೊಳೆಯ ಮೇಲೆ ಇದ್ದರೆ ಬೀಳುತ್ತದೆ" ಎಂದರು. "ಚೈನು ಮಾತ್ರ ಬದಲಾಯಿಸಬೇಡ."

ಶಿಕಾರಿಪುರದಲ್ಲಿ ಮೊದಲು ಹೋದ ಅಂಗಡಿಯ ಹುಡುಗ, "ಈ ಚೈನು ಬಿಸಾಕಿ ಸಾರ್, ಹೊಸದು ಹಾಕಿಕೊಡುತ್ತೇನೆ" ಎಂದ. ಅವನ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ಆ ಚೈನಿನ ಒಳಬದಿ ಅಣ್ಣನ ಮಣಿಕಟ್ಟಿಗೆ ಉಜ್ಜಿ ಉಜ್ಜಿ ನುಣುಪಾಗಿದೆ. ಅದನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು? ಕೊನೆಗೆ ಗಾಜಿನ ಪೆಟ್ಟಿಗೆಯ ಹಿಂದೆ ಕೂತು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಹಿರಿಯ ರಿಪೇರಿಯವರು ಸಿಕ್ಕರು. ಅತ್ತಿಗೆಯ ಕೈ ಅಳತೆ ಹೇಳಿದ್ದಕ್ಕೆ ಚೈನಿನ ಮೂರು ಕೊಂಡಿ ತೆಗೆದು ಪೊಟ್ಟಣ ಕಟ್ಟಿದರು. ಲಾಕಿನ ಒಳಗಿನ ಅಗಲ ಅಳೆದರು, 16 ಮಿಲಿಮೀಟರ್. ಅದೇ ಅಳತೆಯ ಎರಡು ಪಿನ್ನು ಕೊಟ್ಟು, "ಕೈಗೆ ಕಟ್ಟಿ ನೋಡಿ, ಯಾವ ತೂತಿಗೆ ಸರಿಹೋಗುತ್ತದೋ ಅಲ್ಲಿಯೇ ಹಾಕಿಕೊಳ್ಳಿ. ಒಂದು ಹಾರಿಹೋದರೆ ಇನ್ನೊಂದಿರಲಿ" ಎಂದು ನಕ್ಕರು. ಕಾರ್ಖಾನೆ ಮುಚ್ಚಿದರೂ ಪಿನ್ನಿಗೆ ಬರವಿಲ್ಲ. ಅಳತೆ ಸರಿಯಿದ್ದರೆ ಯಾವ ಕಂಪನಿಯದಾದರೂ ಕೂರುತ್ತದೆ.

ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಸೊರಬಕ್ಕೆ ಹೋದೆ. ಅವಳು ಏಳನೇ ಕ್ಲಾಸು. ನನ್ನ ಕೈ ಈಗ ನಡುಗುತ್ತದೆ, ಹಾಗಾಗಿ ನಾನು ಹೇಳುವವನು, ಅವಳು ಮಾಡುವವಳು.

ಜಗಲಿಯಲ್ಲಿ ಬಿಳಿ ಪಂಚೆ ಹಾಸಿದೆವು, ಪಿನ್ನು ಬಿದ್ದರೆ ಕಾಣಲಿ ಎಂದು. ಹಾರಿದರೆ ಕಣ್ಣಿಗೆ ತಾಗಬಾರದೆಂದು ಅವಳಿಗೆ ನನ್ನ ಬಿಸಿಲಿನ ಕನ್ನಡಕ ಹಾಕಿಸಿದೆ. ಮೊದಲು ಹಳೆಯ ಟೂತ್‌ಬ್ರಶ್ಶಿನಿಂದ ಕೊಳೆ ಉಜ್ಜಿದಳು. ಲಾಕಿನ ಹೊರಗಿನ ತೂತಿನಿಂದ ಸೂಜಿಯ ತುದಿ ತೂರಿ, ಮುರಿದ ಪಿನ್ನಿನ ಉಳಿದ ಮೊಳೆಯನ್ನು ಒಳಗೆ ಒತ್ತಿ ಚೈನನ್ನು ಮೆಲ್ಲಗೆ ಎಳೆದಳು. ಹೊರಗೆ ಬಂತು. ಹೊಸ ಪಿನ್ನನ್ನು ಚೈನಿನ ತುದಿಯ ಕೊಂಡಿಯೊಳಗೆ ತೂರಿಸಿ, ಒಂದು ತುದಿಯನ್ನು ತೂತಿಗೆ ಕೂರಿಸಿ, ಇನ್ನೊಂದನ್ನು ಸೂಜಿಯಿಂದ ಒತ್ತಿ ಹಿಡಿದು ಲಾಕಿನೊಳಗೆ ಸರಿಸಿದಳು. ಟಿಕ್! ಮೊಳೆ ತೂತಿನಲ್ಲಿ ಕಾಣಿಸಿತು.

"ಎಳೆದು ನೋಡು ಪುಟ್ಟೀ. ಶಬ್ದ ಬಂದರೆ ಸಾಲದು, ಎಳೆದಾಗ ನಿಲ್ಲಬೇಕು" ಎಂದೆ. ನಿಂತಿತು.

ಅತ್ತಿಗೆ ಕೈ ಚಾಚಿದರು. ಇನ್ನೂ ಸಡಿಲ. ಪಿನ್ನನ್ನು ಲಾಕಿನ ನಡುಭಾಗದ ಕಡೆಗೆ ಒಂದು ತೂತು ಸರಿಸಿದರೆ ಚೈನು ಅಷ್ಟು ಗಿಡ್ಡವಾಗುತ್ತದೆ. ಸಾಲು ತೂತು ಇರುವುದು ಅದಕ್ಕೇ. ಮೊಮ್ಮಗಳು ಎರಡು ತೂತು ಸರಿಸಿದಳು. ಗುಡಿಗಾರರ ಕುಸುರಿ ಕೆಲಸಕ್ಕೆ ಹೆಸರಾದ ಊರು ಸೊರಬ. ಅತ್ತಿಗೆ ಅವಳ ಬೆರಳು ಹಿಡಿದು, "ಗುಡಿಗಾರರ ಮನೆಯಲ್ಲಿ ಹುಟ್ಟಬೇಕಿತ್ತು ಮಗಾ ನೀನು" ಎಂದರು. ಆಮೇಲೆ ವಾಚಿನ ಮೇಲೆ ಇನ್ನೊಂದು ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ತೆಗೆದ ಮೂರು ಕೊಂಡಿಗಳು ಅವರ ಎಲೆಯಡಿಕೆ ಡಬ್ಬಿ ಸೇರಿದವು.

ನಿಮ್ಮ ಮನೆಯಲ್ಲೂ ಇಂಥ ವಾಚು ಪೆಟ್ಟಿಗೆಯಲ್ಲಿ ಮಲಗಿರಬಹುದು. ಲಾಕಿನ ಪಿನ್ನಿನ ಜೊತೆ, ವಾಚಿಗೂ ಚೈನಿಗೂ ನಡುವೆ ಇರುವ ಎರಡು ಪಿನ್ನುಗಳನ್ನೂ ನೋಡಿ. ತುಕ್ಕು ಕಂಡರೆ ಮುರಿಯುವ ಮೊದಲೇ ಬದಲಾಯಿಸಿ. ಪಕ್ಕದಲ್ಲಿ ದೊಡ್ಡವರೊಬ್ಬರು ಇರಲಿ. ವಾಚು ಯಾರದು, ಯಾವಾಗ ಬಂತು ಎಂದೂ ಕೇಳಿ.

ಈಗ ನಾನು ಸೊರಬಕ್ಕೆ ಹೋದಾಗಲೆಲ್ಲ ಅತ್ತಿಗೆ ಜಗಲಿಯಲ್ಲೇ ಕೂತು ಮಣಿಕಟ್ಟು ಕಣ್ಣ ಹತ್ತಿರ ತಂದು ನೋಡಿ ಹೇಳುತ್ತಾರೆ: "ನಿಮ್ಮ ಶಿಕಾರಿಪುರದ ಬಸ್ಸು ಇವತ್ತು ಹತ್ತು ನಿಮಿಷ ತಡ ಮಾರಾಯ."