ಕಿರಿಯ ವಕೀಲನ ಮೊದಲ ಪಾಠ

ನನ್ನ ತಂಗಿಯ ಮಗನು ಕಾನೂನು ಓದಿ, ಸನ್ನದು ಪಡೆದು, ಸಾಗರದ ಹಿರಿಯ ವಕೀಲರೊಬ್ಬರ ಸಣ್ಣ ಕಚೇರಿಗೆ ಸೇರಿದನು. ಎರಡು ಮೇಜು, ಒಬ್ಬ ಗುಮಾಸ್ತ. ಕೈಗೆ ಬರುವುದು ಬಸ್ಸಿನ ಖರ್ಚಿಗಷ್ಟೇ. “ಬೆಂಗಳೂರಿಗೆ ಹೋಗಬಾರದಿತ್ತೆ, ಅಣ್ಣಾ?” ಎಂದು ತಂಗಿ ಕಣ್ಣೀರಿಟ್ಟಳು. ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರು 1956ರಲ್ಲಿ ಮುಖ್ಯಮಂತ್ರಿಗಳಾಗುವ ಮುನ್ನ ವಕೀಲರಾಗಿದ್ದವರೇ ಎಂದು ಸಮಾಧಾನ ಹೇಳಿದೆ.

ಒಂದು ಸಂಜೆ ಅವನು ಹಿರಿಯರ ಅಪ್ಪಣೆಯಂತೆ ಹಳೆಯ ಕ್ರಯಪತ್ರವೊಂದನ್ನು ತಂದನು. ಹೊಸನಗರದ ಕಕ್ಷಿದಾರರಿಗೂ ದಾಯಾದಿಗಳಿಗೂ ಅಡಿಕೆ ತೋಟದ ಮೇರೆಯ ವ್ಯಾಜ್ಯ. ಪತ್ರವಿದ್ದುದು ಮೋಡಿ ಅಕ್ಷರದಲ್ಲಿ. ಮಠದ ಕಡತಗಳನ್ನೋದಿದ ರೂಢಿಯಿಂದ ಓದಿದೆ. ಚೆಕ್ಕುಬಂದಿಯು ನಮ್ಮ ಕಕ್ಷಿದಾರರಿಗೇ ವಿರುದ್ಧವಾಗಿತ್ತು.

“ಏನು ಮಾಡಲಿ, ಮಾವ?”

“ಇದ್ದುದನ್ನು ಇದ್ದಂತೆ ಅವರಿಗೆ ಹೇಳಪ್ಪ.”

ಹೇಳಿದನು. ಕಕ್ಷಿದಾರರು ಮುನಿದು ಹೋದರು. ವಾರದ ಮೇಲೆ ತಾವಾಗಿಯೇ ಬಂದರು. ಹಿರಿಯರು ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಸಿದರು. ಅಲ್ಲಿನ ರಾಜಿಗೆ ಮೇಲ್ಮನವಿಯಿಲ್ಲ. ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. ವರ್ಷಗಳ ಬಳಿಕ ಎರಡು ಮನೆಯವರು ಒಂದೇ ಪಂಕ್ತಿಯಲ್ಲಿ ಉಂಡರು.

ಆ ತಿಂಗಳೂ ಅವನ ಸಂಪಾದನೆ ಅಲ್ಪವೇ. ಆದರೆ ಮುಂದಿನ ಕಡತವನ್ನು ಹಿರಿಯರು ಅವನ ಮೇಜಿಗೇ ಕಳುಹಿಸಿದರು. ಕಾಯಕದ ಮೊದಲ ಫಲ ನಂಬಿಕೆಯೆಂದು ತಂಗಿಗೆ ತಿಳಿಸಿದೆ. ಈ ಸಲ ಅವಳು ಅಳಲಿಲ್ಲ.